ಹನ್ನೊಂದು ಗಂಟೆಯ ಕೈ

ಡಿಸೆಂಬರ್ ೫

ತಮ್ಮ ಬಂದಿದ್ದ. ಆರು ವರ್ಷದ ಮೇಲೆ.

ನನ್ನನ್ನು ನೋಡಲು ಬಂದದ್ದಲ್ಲ, ಅದನ್ನು ಮೊದಲೇ ಬರೆದುಬಿಡುತ್ತೇನೆ. ಮೇಲಿನ ಮಹಡಿಯ ಕೈ ಡಾಕ್ಟರು ಚೀಟಿ ಕೊಟ್ಟು, "ಕೆಳಗೆ ಫಿಸಿಯೋಥೆರಪಿಗೆ ಹೋಗಿ, ಕಿಟಕಿ ಪಕ್ಕದ ಟೇಬಲ್‌ನವರಿಗೆ ತೋರಿಸಿ" ಎಂದಿದ್ದಾರೆ. ಕಿಟಕಿ ಪಕ್ಕದ ಟೇಬಲ್‌ನವಳು ಅವನ ಅಕ್ಕ ಎಂದು ಡಾಕ್ಟರಿಗೇನು ಗೊತ್ತು! ಪರದೆ ಸರಿಸಿದವನು ನನ್ನ ಮುಖ ನೋಡಿ ಹಾಗೇ ಬಾಗಿಲ ಕಡೆ ತಿರುಗಿದ.

"ಬಂದಿದ್ದೀಯಲ್ಲ, ಕೂತ್ಕೊ" ಎಂದೆ. ಸ್ವಲ್ಪ ಗಡಸಾಗಿಯೇ ಬಂತು ಮಾತು. ಕೂತ.

ಬಲಗೈ ಟೇಬಲ್ ಮೇಲಿಟ್ಟ. ನವೆಂಬರ್ ಹದಿನೆಂಟರಂದು ಅಂಗಡಿಯಲ್ಲಿ ದೊಡ್ಡ ಕನ್ನಡಿ ಎತ್ತುವಾಗ ಅದು ಒಡೆದು, ಮೊಣಕೈ ಕೆಳಗೆ ಒಳಬದಿಗೆ ಚೂರು ನುಗ್ಗಿತಂತೆ. ಗಾಯ ಕೂಡಿದೆ. ಆದರೆ ಅಲ್ಲಿಂದ ಅಂಗೈಗೆ ಹೋಗುವ ನರ ಸುಮ್ಮನಾಗಿದೆ. ಕಿರುಬೆರಳು, ಉಂಗುರಬೆರಳು ಮಡಚಿಕೊಂಡಿವೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಕಾಗದ ಕೊಟ್ಟು ಹಿಡಿ ಎಂದೆ. ಎಳೆದರೆ ಜಾರಿ ಬಂತು. ಇಪ್ಪತ್ತನಾಲ್ಕು ವರ್ಷದಿಂದ ಗಾಜು ಕೊಯ್ಯುತ್ತಿರುವ ಕೈ ಅದು. ಬಾಗಿಲಷ್ಟು ಅಗಲದ ಗಾಜನ್ನು ಒಂದೇ ಗೀರಿನಲ್ಲಿ ಎರಡು ಮಾಡುತ್ತಿದ್ದ.

ಡಾಕ್ಟರ ಲೆಕ್ಕ ಸರಳ. ನರ ಬರೀ ಜಜ್ಜಿದ್ದರೆ ತಾನಾಗಿ ಬರುತ್ತದೆ. ತುಂಡಾಗಿದ್ದರೆ ಕಾಲಿನ ಒಂದೆಳೆ ನರ ತೆಗೆದು ತೇಪೆ ಹಾಕಬೇಕು. ಮೂರು ತಿಂಗಳು ಕಾಯುವುದು. ಅಲ್ಲಿಯವರೆಗೆ ಸ್ನಾಯು ಒಣಗದಂತೆ ದಿನಾ ಕರೆಂಟು ಕೊಡುವುದು ನನ್ನ ಕೆಲಸ. ಫೆಬ್ರವರಿ ಕೊನೆಗೆ ಯಂತ್ರ ಆರಿಸಿ, ನನ್ನ ಬೆರಳಿಟ್ಟು ನೋಡಬೇಕು. ಅವನು ತಾನಾಗಿ ಪ್ರಯತ್ನಿಸಿದಾಗ ಸ್ನಾಯು ಮಿಣುಕಿದರೂ ಸಾಕು, ನರ ಬರುತ್ತಿದೆ ಎಂದರ್ಥ, ಕಾಯಬಹುದು. ಏನೂ ಇಲ್ಲದಿದ್ದರೆ ಸೀದಾ ಆಪರೇಷನ್. ಆರು ತಿಂಗಳು ದಾಟಿದರೆ ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ. ನರ ಬೆರಳು ಮುಟ್ಟುವ ಹೊತ್ತಿಗೆ ಸ್ನಾಯುವೇ ಉಳಿದಿರುವುದಿಲ್ಲ.

ಕರೆಂಟು ನರವನ್ನು ಬೆಳೆಸುವುದಿಲ್ಲ, ಕಾಯಲು ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೆ. ಇದನ್ನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಅವನಿಗೂ ಹೇಳಿದೆ, ಮುಖ ನೋಡದೆ. ಎರಡು ಪ್ಯಾಡು ಅಂಟಿಸಿ ಗುಂಡಿ ತಿರುಗಿಸಿದೆ. ಒಂಬತ್ತು ಮಿಲಿ ಆಂಪಿಗೆ ತೋರುಬೆರಳು ಪಟಕ್ಕನೆ ಪಕ್ಕಕ್ಕೆ ಹಾರಿತು. ಸ್ನಾಯು ಗಟ್ಟಿಮುಟ್ಟಾಗಿದ್ದಷ್ಟೂ ಕಡಿಮೆ ಕರೆಂಟು ಸಾಕು. ಒಂಬತ್ತು ಒಳ್ಳೆಯದು.

"ನಾಳೆ ಹನ್ನೊಂದಕ್ಕೆ ಬಾ" ಎಂದೆ. "ಹೂಂ" ಎಂದು ಹೋದ.

ಡಿಸೆಂಬರ್ ೬

ನಿನ್ನೆ ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ, ಯಾರು ಓದುತ್ತಾರೆ ಇಲ್ಲಿ. ಆರು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅವನು ದೂರದ ಊರಿನಲ್ಲಿ ಹೊಸ ಕಟ್ಟಡಕ್ಕೆ ಕಿಟಕಿ ಗಾಜು ಕೂರಿಸುತ್ತಿದ್ದ. ದಿನಾ ಫೋನು ಮಾಡುತ್ತಿದ್ದ. "ಬರ್ಲಾ ಅಕ್ಕ?" "ಬೇಡ ಕಣೋ, ಇವತ್ತು ಎದ್ದು ಕೂತಿದ್ದಾಳೆ, ಗಂಜಿ ಕುಡಿದಳು, ಕೆಲಸ ಮುಗಿಸ್ಕೊಂಡು ಬಾ." ಎದ್ದು ಕೂತಿದ್ದು ನಿಜ. ಗಂಜಿ ಕುಡಿದದ್ದೂ ನಿಜ. ಮೂರನೇ ದಿನ ಹೋಗಿಬಿಟ್ಟಳು. ಅವನು ಬಂದಾಗ ಎಲ್ಲ ಮುಗಿದಿತ್ತು. "ನಿಂಗೆ ಗೊತ್ತಿರ್ಲಿಲ್ವಾ? ಆಸ್ಪತ್ರೇಲೇ ಇರೋಳು ನೀನು" ಎಂದ. ಅದೇ ಕೊನೆಯ ಮಾತು.

ಇವತ್ತು ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದ.

ಡಿಸೆಂಬರ್ ೧೪

ಮಾತಾಡಿದ! ಬೆರಳು ಹಾರುವುದನ್ನು ನೋಡುತ್ತಾ, "ಸ್ಕೂಲಲ್ಲಿ ಕಪ್ಪೆ ಕಾಲಿಗೆ ಬ್ಯಾಟರಿ ಮುಟ್ಟಿಸ್ತಿದ್ರಲ್ಲ, ಥೇಟ್ ಹಾಗೇ ಇದೆ" ಎಂದ.

"ಕಪ್ಪೆ ಇಷ್ಟು ಮುಖ ಊದಿಸ್ಕೊಂಡು ಕೂರ್ತಿರ್ಲಿಲ್ಲ" ಎಂದೆ.

ನಕ್ಕುಬಿಟ್ಟ. ಪಕ್ಕದ ಟೇಬಲ್‌ನ ಗಡಿಯಾರಮ್ಮ ಪರದೆಯ ಆಚೆಯಿಂದ "ಏನ್ ನಗು ಅಲ್ಲಿ?" ಎಂದಳು. ಅವಳಿಗೆ ಆ ಹೆಸರು ನಾನೇ ಇಟ್ಟದ್ದು. ಇಪ್ಪತ್ತು ನಿಮಿಷದ ಚಿಕಿತ್ಸೆ ಎಂದರೆ ಇಪ್ಪತ್ತೇ, ರೋಗಿ ಅರ್ಧ ವಾಕ್ಯದಲ್ಲಿದ್ದರೂ ಪ್ಯಾಡು ಕಿತ್ತು ಕಳಿಸುತ್ತಾಳೆ. ಒಳ್ಳೆಯ ಕೆಲಸಗಾತಿ, ಇಲ್ಲವೆನ್ನುವುದಿಲ್ಲ. ಆದರೆ ಮಾತು ಕಡ್ಡಿ ತುಂಡು ಮಾಡಿದ ಹಾಗೆ.

ತಮ್ಮನನ್ನು ಇವತ್ತು ಮುಕ್ಕಾಲು ಗಂಟೆ ಕೂರಿಸಿಕೊಂಡೆ. ಹತ್ತು ಮಿಲಿ ಆಂಪು.

ಜನವರಿ ೨

ಹನ್ನೆರಡೂವರೆ ಮಿಲಿ ಆಂಪು. ಚಳಿಗೆ ಚರ್ಮ ಒಣಗಿರುತ್ತದೆ, ಕರೆಂಟು ಸರಿಯಾಗಿ ಇಳಿಯುವುದಿಲ್ಲ. ಬಿಸಿನೀರಿನ ಬಟ್ಟೆ ಸುತ್ತಿ ಆಮೇಲೆ ಕೊಟ್ಟೆ.

ಹನ್ನೊಂದಕ್ಕೆ ಬರುತ್ತಿದ್ದ ಮಂಡಿ ನೋವಿನ ಮೇಷ್ಟ್ರನ್ನು ಒಂಬತ್ತಕ್ಕೆ ಹಾಕಿದೆ. ಗೊಣಗಿದರು. ಗೊಣಗಲಿ. ಹನ್ನೊಂದರಿಂದ ಹನ್ನೆರಡು ಈಗ ತೆರವು. ತಮ್ಮ ಇವತ್ತು ಮಕ್ಕಳ ವಿಷಯ ಹೇಳಿದ. ದೊಡ್ಡವಳು ಅಮ್ಮನ ಹಾಗೆ ಹುಬ್ಬು ಕುಣಿಸುತ್ತಾಳಂತೆ. ನಾನು ಅವಳನ್ನು ನೋಡಿದಾಗ ಮೂರು ವರ್ಷ. ಈಗ ಒಂಬತ್ತಂತೆ, ಅಯ್ಯೋ ದೇವರೇ.

ಜನವರಿ ೨೧

ಭಾನುವಾರ ಯಾಕೆ ಬರುತ್ತದೋ. ಒಂದು ದಿನ ಪೂರ್ತಿ ದಂಡ. ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲ. ಬಟ್ಟೆ ಒಗೆದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವುದೊಂದು ಬಾಕಿ.

ಫೆಬ್ರವರಿ ೮

ಸ್ಟೋರಿನವನ ಜೊತೆ ಜಗಳ. ಪ್ಯಾಡುಗಳು ಹಳತಾಗಿವೆ, ಅಂಟೇ ಇಲ್ಲ, ಹೊಸದು ಕೊಡು ಎಂದರೆ ಮುಂದಿನ ತಿಂಗಳು ಎನ್ನುತ್ತಾನೆ. ತಮ್ಮನಿಗೆ ಹದಿನೇಳಕ್ಕೆ ಏರಿಸಬೇಕಾಯಿತು. ಪ್ಯಾಡಿನದೇ ತಪ್ಪು. ಗಡಿಯಾರಮ್ಮ "ನನ್ ರೋಗಿಗಳಿಗೂ ಅದೇ ಪ್ಯಾಡು, ನಾನೇನೂ ಏರಿಸಿಲ್ಲ" ಎಂದಳು. ಅವಳಿಗೆ ಯಾವುದರಲ್ಲಿ ಮೂಗು ತೂರಿಸಬಾರದು ಎಂಬುದೇ ಗೊತ್ತಿಲ್ಲ.

ತಮ್ಮ ಕೇಳಿದ: "ಆಪರೇಷನ್ ಅಂದ್ರೆ ಕಾಲೂ ಕೊಯ್ತಾರಾ ಅಕ್ಕ?"

"ಚೂರು ಕೊಯ್ತಾರೆ."

"ಆಮೇಲೆ?"

"ಆಮೇಲೆ ಕೈ ಕಟ್ಟಿ ಇಡ್ತಾರೆ. ಇಲ್ಲಿ ಕೆಲಸ ಇರಲ್ಲ ನಂಗೆ, ತಿಂಗಳುಗಟ್ಟಲೆ ಮೇಲಿನ ಮಹಡಿಗೇ ಹೋಗ್ತೀಯ."

ಅವನು ಹೆದರಿದ್ದ. ನಾನು ಹೇಳಬೇಕಾದದ್ದು ಬೇರೆ ಇತ್ತೇನೋ. ಇದೇ ಬಾಯಿಗೆ ಬಂತು.

ಫೆಬ್ರವರಿ ೨೭

ಇವತ್ತು ಪರೀಕ್ಷೆ. ಪರೀಕ್ಷೆ ಬರೆಯುವವಳು ನಾನೇ ಎಂಬ ಹಾಗೆ ಅರ್ಧ ಗಂಟೆ ಮೊದಲೇ ಬಂದು ಕೂತಿದ್ದೆ.

ಯಂತ್ರ ಆರಿಸಿ, ಪ್ಯಾಡು ತೆಗೆದು, ಹೆಬ್ಬೆರಳಿನ ಪಕ್ಕದ ಕುಳಿಯಲ್ಲಿ ನನ್ನ ಬೆರಳೊತ್ತಿ ಕೂತೆ. "ತೋರುಬೆರಳು ಪಕ್ಕಕ್ಕೆ ತಳ್ಳು." ಅವನ ಮುಖ ಕೆಂಪಾಯಿತು. ಭುಜ ಎತ್ತಿದ, ಮಣಿಕಟ್ಟು ತಿರುಗಿಸಿದ. "ಅದೆಲ್ಲ ಬೇಡ, ಬೆರಳು ಮಾತ್ರ." ಏನೂ ಇಲ್ಲ. "ಇನ್ನೊಂದ್ಸಲ." ಏನೂ ಇಲ್ಲ. ಇನ್ನಷ್ಟು ಒತ್ತಿ ಹಿಡಿದೆ. "ಇನ್ನೊಂದ್ಸಲ ಕಣೋ."

ಸಿಕ್ಕಿತು! ಬೆರಳ ತುದಿಗೆ ಸಣ್ಣಗೆ, ಮಿಣಕ್ ಎಂದು. ಮತ್ತೊಮ್ಮೆ ಸಿಕ್ಕಿತು.

"ಬಂತು" ಎಂದೆ. "ನಿಜವಾಗ್ಲೂ?" ಎಂದ. "ನಿನ್ನ ಮೇಲಾಣೆ." ಅವನ ಕಣ್ಣಲ್ಲಿ ನೀರು. ನನಗೂ ಅಷ್ಟೆ. ಚಾರ್ಟಿನಲ್ಲಿ 'ಒಂದು' ಎಂದು ಬರೆದೆ. ಸೊನ್ನೆಯಿಂದ ಐದರವರೆಗಿನ ನಮ್ಮ ಅಳತೆಯಲ್ಲಿ ಒಂದು ಎಂದರೆ ಮಿಣುಕು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮಾರ್ಚ್ ೧

ಡಾಕ್ಟರು ಚಾರ್ಟು ನೋಡಿ, "ನೀವು ಒಂದು ಅಂದ್ರೆ ಒಂದೇ. ಆಪರೇಷನ್ ಬೇಡ, ಕಾಯೋಣ. ನರ ನೋಡೋ ಸೂಜಿ ಪರೀಕ್ಷೆಯೂ ಸದ್ಯಕ್ಕೆ ಬೇಡ, ಎರಡು ತಿಂಗಳು ಬಿಟ್ಟು ನೋಡೋಣ" ಎಂದರು. ಇಪ್ಪತ್ತೆರಡು ವರ್ಷ ಇದೇ ಟೇಬಲ್‌ನಲ್ಲಿ ಕೂತದ್ದಕ್ಕೆ ಸಿಗುವ ಮರ್ಯಾದೆ ಇದು.

ತಮ್ಮನ ಹೆಂಡತಿ ಬಂದಿದ್ದಳು. ಎರಡೂ ಕೈ ಹಿಡಿದುಕೊಂಡು, "ಅಕ್ಕ, ನೀವಿಲ್ದೇ ಇದ್ದಿದ್ರೆ ಇವರನ್ನ ಸುಮ್ನೆ ಕೊಯ್ದು ಹಾಕ್ತಿದ್ರು" ಎಂದಳು. ಮುಂದಿನ ಭಾನುವಾರ ಊಟಕ್ಕೆ ಕರೆದಿದ್ದಾರೆ.

ಮಾರ್ಚ್ ೧೦

ಹೋಗಿದ್ದೆ. ದೊಡ್ಡವಳು ನಿಜಕ್ಕೂ ಅಮ್ಮನೇ. "ನೀವು ಅಪ್ಪಂಗೆ ಕರೆಂಟ್ ಕೊಡೋ ಅತ್ತೇನಾ?" ಎಂದಳು. ಊಟದ ತಟ್ಟೆ ತೊಳೆಯಲು ಬಿಡಲಿಲ್ಲ ನನ್ನನ್ನು. ಎಷ್ಟೋ ವರ್ಷದ ಮೇಲೆ ಇನ್ನೊಬ್ಬರ ಮನೆಯಲ್ಲಿ ಸೋಫಾ ಮೇಲೆ ಕಾಲು ಮೇಲಿಟ್ಟು ಕೂತೆ.

ತಮ್ಮ ಎಡಗೈಯಲ್ಲಿ ಊಟ ಮಾಡುತ್ತಿದ್ದ. "ಇನ್ನೆಷ್ಟು ದಿನ, ಬಲಗೈಲಿ ಉಣ್ತೀಯ ಬಿಡು" ಎಂದೆ.

ಏಪ್ರಿಲ್ ೧೧

ಇಪ್ಪತ್ತನಾಲ್ಕು ಮಿಲಿ ಆಂಪು. ಹೊಸ ಪ್ಯಾಡು ಬಂದಿದೆ. ಚಳಿಯೂ ಹೋಗಿದೆ. ಯಂತ್ರವನ್ನೇ ಒಮ್ಮೆ ತೋರಿಸಬೇಕು.

ಅವನು ಇವತ್ತು ಮಾತು ಕಡಿಮೆ. ಹೋಗುವಾಗ, "ಅಕ್ಕ, ಹೆಬ್ಬೆರಳ ಪಕ್ಕದ ಕುಳಿ ಇನ್ನೂ ಆಳ ಆಗಿದೆ ಅನ್ಸುತ್ತೆ. ಆಪರೇಷನ್ ಮಾಡಿಸೇಬಿಡ್ಲಾ? ಧೈರ್ಯ ಮಾಡ್ತೀನಿ" ಎಂದ.

"ಏನ್ ಹುಚ್ಚು ನಿಂಗೆ! ಬರ್ತಿರೋ ನರಕ್ಕೆ ಯಾರಾದ್ರೂ ಕತ್ತರಿ ಹಾಕ್ತಾರಾ?" ಎಂದು ಬೈದೆ.

ಚಾರ್ಟಿನಲ್ಲಿ 'ಒಂದು'. ಒತ್ತಿ ಹಿಡಿದರೆ ಸಿಗುತ್ತದೆ.

ಏಪ್ರಿಲ್ ೩೦

ಮೇಲಿನಿಂದ ಡಾಕ್ಟರು ಚೀಟಿ ಕಳಿಸಿದ್ದರು, ತಮ್ಮನದು ಹೇಗಿದೆ ಎಂದು. 'ಒಂದು, ಮುಂದುವರಿದಿದೆ' ಎಂದು ಬರೆದು ಕಳಿಸಿದೆ. ಇಪ್ಪತ್ತೆಂಟು ಮಿಲಿ ಆಂಪು ಎಂದು ಬರೆಯಲು ಚೀಟಿಯಲ್ಲಿ ಜಾಗವಿರಲಿಲ್ಲ.

ಮೇ ೧೧

ಮೂರು ದಿನ ಜ್ವರ. ಇವತ್ತು ಹೋದೆ. ನನ್ನ ರೋಗಿಗಳನ್ನೆಲ್ಲ ಗಡಿಯಾರಮ್ಮ ನೋಡಿಕೊಂಡಿದ್ದಳು, ಸಂತೋಷ. ತಮ್ಮನ ಚಾರ್ಟು ತೆಗೆದೆ. ಮೂರು ದಿನವೂ ಅವಳ ಗುಂಡಗಿನ ಅಕ್ಷರದಲ್ಲಿ: ಸೊನ್ನೆ, ಸೊನ್ನೆ, ಸೊನ್ನೆ.

ನನಗೆ ಬಂದ ಸಿಟ್ಟು! ರೋಗಿಗಳ ಮುಂದೆಯೇ ಕೂಗಾಡಿದೆ. "ನಿನ್ ಬೆರಳು ತಣ್ಣಗಿರುತ್ತೆ, ನಿಂಗೆ ಸಿಕ್ಕಲ್ಲ. ಐದು ತಿಂಗಳಿಂದ ನಾನು ನೋಡ್ತಿರೋ ಕೈ ಅದು."

ಅವಳು ಕೂಗಲಿಲ್ಲ. "ಮೂರು ದಿನ ಮೂರು ಸಲ ನೋಡ್ದೆ. ಒತ್ತದೇ ನೋಡ್ದೆ, ಒತ್ತಿ ನೋಡ್ದೆ. ಅಲ್ಲಿ ಏನೂ ಇಲ್ಲ. ನೀವೂ ಒಂದ್ಸಲ ಕಣ್ಮುಚ್ಚಿ, ಯಾರ ಕೈ ಅನ್ನೋದ್ ಮರ್ತು ನೋಡಿ ಅಕ್ಕ" ಎಂದಳು.

ಅವಳ ಉಪದೇಶ ಯಾರಿಗೆ ಬೇಕು.

ಮೇ ೧೨

ಭಾನುವಾರ. ಬೆಳಿಗ್ಗೆ ಅಡುಗೆಮನೆಯಲ್ಲಿ ಟೇಬಲ್ ಮುಂದೆ ಸುಮ್ಮನೆ ಕೂತಿದ್ದೆ. ಅವಳ ಮಾತು ತಲೆಯಿಂದ ಹೋಗುತ್ತಿರಲಿಲ್ಲ. ಬಲಗೈ ಬೆರಳನ್ನು ಟೇಬಲ್‌ನ ಅಂಚಿಗೆ ಒತ್ತಿ ಹಿಡಿದೆ, ತಮ್ಮನ ಕೈಗೆ ಒತ್ತುವಷ್ಟೇ. ಕಣ್ಣು ಮುಚ್ಚಿದೆ. ಕಾದೆ.

ಮಿಣಕ್.

ಕಣ್ಣು ಬಿಟ್ಟೆ. ಮರದ ಟೇಬಲ್ಲು. ಮತ್ತೆ ಒತ್ತಿದೆ. ಮಿಣಕ್, ಮಿಣಕ್. ಅದು ನನ್ನ ನಾಡಿ. ನನ್ನದೇ ಬೆರಳ ತುದಿಯ ನಾಡಿ. ಗಟ್ಟಿಯಾಗಿ ಒತ್ತಿದರೆ ಗೋಡೆಯಲ್ಲೂ ಸಿಗುತ್ತದೆ, ಕಬ್ಬಿಣದಲ್ಲೂ ಸಿಗುತ್ತದೆ. ಕಲಿಯಲು ಬರುವವರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ ಇದು. ನಾನೇ ಹೇಳಿಕೊಟ್ಟಿದ್ದೇನೆ, ಎಷ್ಟು ಜನಕ್ಕೋ.

ಒಂಬತ್ತು, ಹನ್ನೆರಡೂವರೆ, ಹದಿನೇಳು, ಇಪ್ಪತ್ತನಾಲ್ಕು, ಇಪ್ಪತ್ತೆಂಟು. ಸ್ನಾಯು ಸಾಯುತ್ತಿತ್ತು. ನನ್ನ ಕೈಯಿಂದಲೇ ಬರೆದಿದ್ದೇನೆ. ಚಳಿ ಎಂದೆ, ಪ್ಯಾಡು ಎಂದೆ, ಯಂತ್ರ ಎಂದೆ.

ನವೆಂಬರ್ ಹದಿನೆಂಟರಿಂದ ಮೇ ಹದಿನೆಂಟಕ್ಕೆ ಆರು ತಿಂಗಳು.

ಮೇ ೧೩

ಇವತ್ತು ಹೇಳಬೇಕೆಂದೇ ಹೋದೆ. ಅವನು ಬಂದವನೇ "ಜ್ವರ ಹೇಗಿದೆ? ಮುಖ ಇಷ್ಟಾಗಿದೆಯಲ್ಲ, ಸರಿಯಾಗಿ ಊಟ ಮಾಡ್ತಿಲ್ವಾ?" ಎಂದು ಕೇಳಿದ. ಪ್ಯಾಡು ಅಂಟಿಸಿದೆ.

ಮೇ ೧೪

ಇವತ್ತೂ ಹೇಳಲಿಲ್ಲ.

ಮೇ ೧೫

ಇಲ್ಲ.

ಮೇ ೧೬

ದೊಡ್ಡವಳು ನನಗೊಂದು ಚಿತ್ರ ಬರೆದು ಕಳಿಸಿದ್ದಾಳೆ. ದೊಡ್ಡ ಡಬ್ಬಿ, ಅದರಿಂದ ತಂತಿ, ತಂತಿಯ ಆ ಕಡೆ ಅಪ್ಪ, ಈ ಕಡೆ ನಾನು. ಇಬ್ಬರೂ ನಗುತ್ತಿದ್ದೇವೆ. ಹೇಗೆ ಹೇಳಲಿ. ಹೇಳಿದ ಮೇಲೆ ಅವನು ಹನ್ನೊಂದಕ್ಕೆ ಯಾಕೆ ಬರುತ್ತಾನೆ.

ಬರೆದ ಮೇಲೆ ಈ ಕೊನೆಯ ಸಾಲನ್ನು ನೋಡಿ ನನಗೇ ಅಸಹ್ಯವಾಯಿತು. ಹೊಡೆದು ಹಾಕುವುದಿಲ್ಲ. ಇರಲಿ.

ಮೇ ೧೭

ಗಡಿಯಾರಮ್ಮ ಮಧ್ಯಾಹ್ನ ಪರದೆಯೊಳಗೆ ಬಂದಳು. "ನೀವು ಹೇಳ್ತೀರಾ, ನಾನು ಹೇಳ್ಲಾ?"

"ನಾನೇ ಹೇಳ್ತೀನಿ."

"ಯಾವಾಗ?"

ಪ್ಯಾಡುಗಳನ್ನು ಒರೆಸತೊಡಗಿದೆ. ಅವಳು ಚಾರ್ಟು ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಬಯ್ಯಬೇಕೆಂದು ಅನ್ನಿಸಲೇ ಇಲ್ಲ. ನಿಜ ಹೇಳಬೇಕೆಂದರೆ, ಹೆಗಲಿಂದ ಮೂಟೆ ಇಳಿದಂತೆ ಆಯಿತು. ಅದಕ್ಕೂ ಈಗ ನಾಚಿಕೆ.

ಮೇ ೨೦

ಸೂಜಿ ಪರೀಕ್ಷೆ ಆಯಿತು. ಸ್ನಾಯುವಿಗೆ ಸೂಜಿ ಚುಚ್ಚಿ, ನರದಿಂದ ಏನಾದರೂ ಬರುತ್ತಿದೆಯೇ ಎಂದು ಯಂತ್ರದ ಪರದೆಯ ಮೇಲೆ ನೋಡುತ್ತಾರೆ. ಗೆರೆ ನೇರ. ಅವನು ಹಲ್ಲು ಕಚ್ಚಿ ಪ್ರಯತ್ನಿಸಿದ. ಗೆರೆ ನೇರವೇ ಇತ್ತು.

ಡಾಕ್ಟರು ಚಾರ್ಟಿನ ಹಾಳೆ ತಿರುವುತ್ತಾ ಹೇಳಿದರು. "ನರ ಪೂರ್ತಿ ತುಂಡಾಗಿದೆ. ಫೆಬ್ರವರೀಲಾಗಿದ್ರೆ ಕಣ್ಮುಚ್ಕೊಂಡು ಮಾಡ್ತಿದ್ದೆ. ಈಗ ಜೋಡಿಸಿದ್ರೂ ಅದು ಬೆರಳಿಗೆ ಬರೋಕೆ ಇನ್ನೂ ಹತ್ತು ತಿಂಗಳು ಬೇಕು. ಅಷ್ಟೊತ್ತಿಗೆ ಅಲ್ಲಿ ಏನೂ ಉಳಿದಿರಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಫೆಬ್ರವರೀಲಿ ಒಂದು ಅಂತ ಬರ್ದಿದ್ದೀರಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಹೇಳಿದ: "ನಂದೇ ತಪ್ಪು ಸರ್. ಆಪರೇಷನ್ ಅಂದ್ರೆ ಭಯ ನಂಗೆ. ಬೇಡ ಬೇಡ ಅಂತ ಇವರ ತಲೆ ತಿಂದೆ."

ಧೈರ್ಯ ಮಾಡ್ತೀನಿ ಎಂದಿದ್ದವನು ಅವನು. ಬೈದು ಕೂರಿಸಿದವಳು ನಾನು. ಆದರೂ ಆ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಆರಾಮಾಗಿ ನಿಂತಿದ್ದೆ ಎಂದಲ್ಲ. ನಿಂತೆ, ಅಷ್ಟೆ.

ಮೇ ೨೧

ಹೇಳಿದೆ.

ಕೆಲಸಕ್ಕೆ ರಜಾ ಹಾಕಿ ಅವನ ಅಂಗಡಿಗೆ ಹೋದೆ. ಅಲ್ಲಿ ಈಗ ಅವನಿಗೆ ಬಂದವರ ಅಳತೆ ಬರೆದುಕೊಳ್ಳುವ ಕೆಲಸ, ಅದೂ ಎಡಗೈಯಲ್ಲಿ, ವಕ್ರ ವಕ್ರ ಅಕ್ಷರ. ಅವನ ಮಾಲೀಕರು ಒಳಗಡೆ ಗಾಜು ಕೊಯ್ಯುತ್ತಿದ್ದರು, ಆ ಕಿರ್ರ್ ಸದ್ದಿನ ನಡುವೆಯೇ ಎಲ್ಲ ಹೇಳಿಬಿಟ್ಟೆ. ನನ್ನದೇ ನಾಡಿ, ಮರದ ಟೇಬಲ್ಲು, ಏರುತ್ತಿದ್ದ ಕರೆಂಟು, ಎಲ್ಲ.

ಅವನು ಪೆನ್ನು ಕೆಳಗಿಟ್ಟ. "ಯಾವತ್ತು ಗೊತ್ತಾಯ್ತು?"

"ಹನ್ನೆರಡನೇ ತಾರೀಕು."

"ಆಮೇಲೆ ಐದು ದಿನ ಬಂದಿದ್ನಲ್ಲ ನಾನು."

"ಹೂಂ."

"ಫೆಬ್ರವರೀಲಿ?"

"ಆಗ ನಿಜವಾಗ್ಲೂ ಸಿಕ್ತು ಅನ್ನಿಸ್ತು ಕಣೋ. ದೇವರಾಣೆ."

"ಅನ್ನಿಸ್ತಾ, ಅನ್ನಿಸ್ಲಿ ಅಂತ ಕಾಯ್ತಿದ್ಯಾ?"

ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಅಮ್ಮನ ವಿಷಯದಲ್ಲೂ ಹೀಗೇ ಮಾಡ್ದೆ. ನೀನು ಸುಳ್ಳಿ ಅಲ್ಲ, ಅದು ನಂಗೊತ್ತು. ನಿಂಗೆ ಏನು ಬೇಕೋ ಅದೇ ನಿಂಗೆ ಕಾಣ್ಸುತ್ತೆ. ಅದನ್ನೇ ತಂದು ನಮ್ ಕೈಗೆ ಕೊಡ್ತೀಯ. ನಾವು ನಿಜ ಅಂತ ಇಟ್ಕೋತೀವಿ."

"ನಿನ್ನೆ ಯಾಕೆ ನನ್ನ ಉಳಿಸ್ದೆ ಮತ್ತೆ?"

"ನಿನ್ನೆ ನಂಗೆ ಗೊತ್ತಿರ್ಲಿಲ್ಲ" ಎಂದ. "ಏನೋ ಕೈ ತಪ್ಪಿರಬೇಕು, ಅಕ್ಕನ ಮೇಲೆ ಬರೋದು ಬೇಡ ಅಂದ್ಕೊಂಡೆ."

ಒಬ್ಬ ಗಿರಾಕಿ ಕನ್ನಡಿಗೆ ಚೌಕಟ್ಟು ಹಾಕಿಸಲು ಬಂದ. ತಮ್ಮ ಎದ್ದು ಅವನ ಜೊತೆ ಮಾತಿಗೆ ನಿಂತ. ಸ್ವಲ್ಪ ಹೊತ್ತು ಕಾದು ಬಂದುಬಿಟ್ಟೆ. ದಾರಿಯುದ್ದಕ್ಕೂ ಅಳು ಬರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಬಂತು.

ಮೇ ೨೨

ಡಾಕ್ಟರಿಗೂ ಹೇಳಿದೆ, ತಪ್ಪು ಅವನದಲ್ಲ, ನನ್ನದು ಎಂದು. ಚಾರ್ಟು ಮುಚ್ಚಿಟ್ಟರು. ಇನ್ನು ಮೇಲೆ ನರದ ರೋಗಿಗಳ ಅಳತೆಗೆ ಎರಡು ಸಹಿ ಬೇಕಂತೆ, ನೋಡಿದವರದೊಂದು, ಪಕ್ಕದಲ್ಲಿ ನಿಂತು ಮತ್ತೆ ನೋಡಿದವರದೊಂದು. ನನ್ನಿಂದಾಗಿ ಎಲ್ಲರಿಗೂ.

ಹನ್ನೊಂದು ಗಂಟೆ ಸುಮ್ಮನೆ ಹೋಯಿತು.

ಜೂನ್ ೧೯

ಫೋನು ಮಾಡಿದೆ. ಎತ್ತಲಿಲ್ಲ.

ಜುಲೈ ೮

ಮಂಡಿ ಮೇಷ್ಟ್ರನ್ನು ವಾಪಸ್ ಹನ್ನೊಂದಕ್ಕೆ ಹಾಕಿದೆ. "ಈಗ ಒಂಬತ್ತೇ ಅಭ್ಯಾಸ ಆಗಿತ್ತಲ್ರೀ" ಎಂದು ಗೊಣಗಿದರು.

ಆಗಸ್ಟ್ ೨೬

ಒಬ್ಬ ಹೆಂಗಸು, ಮುಖದ ಅರ್ಧ ಭಾಗ ಬಿದ್ದುಹೋಗಿದೆ. "ಸರಿ ಹೋಗುತ್ತಾ ಮೇಡಂ?" ಎಂದು ಕೇಳಿದಳು. ಬಾಯಿಗೆ ಬಂದದ್ದನ್ನು ನುಂಗಿ, "ಇನ್ನೂ ಹೇಳೋಕಾಗಲ್ಲ. ಮೂರು ವಾರ ಬಿಟ್ಟು ನೋಡಿ ಹೇಳ್ತೀನಿ" ಎಂದೆ. ಅವಳ ಮುಖ ಸಪ್ಪಗಾಯಿತು. ಗಡಿಯಾರಮ್ಮ ಪರದೆಯ ಆಚೆ ಕೆಮ್ಮಿದಳು. ಅವಳ ಕೆಮ್ಮಿಗೆಲ್ಲ ನಾನು ಅರ್ಥ ಹುಡುಕುತ್ತೇನೆ ಈಗ.

ಅಕ್ಟೋಬರ್ ೧೬

ತಮ್ಮನ ಹೆಂಡತಿಯ ಫೋನು. ಕೈ ಆಪರೇಷನ್ ಆಯಿತಂತೆ ಮೊನ್ನೆ. ನರದ್ದಲ್ಲ. ಕೆಲಸ ಮಾಡುತ್ತಿರುವ ಸ್ನಾಯುವಿನ ಒಂದು ಎಳೆಯನ್ನು ಈ ಬೆರಳುಗಳಿಗೆ ಹೊಲಿದು, ಮಡಚಿದ್ದನ್ನು ಬಿಡಿಸುವುದು. ತುತ್ತು ಎತ್ತಬಹುದು, ಬಾಗಿಲು ತೆಗೆಯಬಹುದು. ಬಲ ಬರುವುದಿಲ್ಲ. "ನಿಮಗೆ ಹೇಳ್ಬೇಡ ಅಂದಿದ್ರು ಅಕ್ಕ, ನಂಗೇ ತಡೀಲಿಲ್ಲ" ಎಂದಳು. ದೊಡ್ಡವಳು ಹೇಗಿದ್ದಾಳೆ ಎಂದು ಕೇಳಿದೆ. "ಚೆನ್ನಾಗಿದ್ದಾಳೆ" ಎಂದು ಇಟ್ಟುಬಿಟ್ಟಳು.

ಡಿಸೆಂಬರ್ ೩

ಅವನು ಬಂದಿದ್ದಾನೆ. ಗಡಿಯಾರಮ್ಮನ ಟೇಬಲ್‌ಗೆ. ಹತ್ತಕ್ಕೆ ಬರುತ್ತಾನೆ, ಹತ್ತು ಇಪ್ಪತ್ತಕ್ಕೆ ಹೋಗುತ್ತಾನೆ. ನಡುವೆ ಒಂದು ಪರದೆ. ಅವನು ಕೆಮ್ಮುವುದು, ಕುರ್ಚಿ ಎಳೆಯುವುದು, "ಆಯ್ತು ಮೇಡಂ" ಎನ್ನುವುದು, ಎಲ್ಲ ಕೇಳುತ್ತದೆ. ನಾನು ಆ ಹೊತ್ತಿಗೆ ಯಾವ ರೋಗಿಯೊಡನೆಯೂ ಗಟ್ಟಿಯಾಗಿ ಮಾತಾಡುವುದಿಲ್ಲ. ಅವನಿಗೆ ಮುಜುಗರ ಆಗದಿರಲಿ ಎಂದೋ, ಅವನ ದನಿ ತಪ್ಪಿಹೋಗದಿರಲಿ ಎಂದೋ, ನನಗೇ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯುವ ಅಭ್ಯಾಸ ಹೊಸದು.

ಜನವರಿ ೧೪

ಇವತ್ತು ಅವನ ಕೈಯ ಅಳತೆಯ ದಿನ. ಎರಡು ಸಹಿ ಬೇಕು. ಸಹಿ ಹಾಕಬಲ್ಲ ಇನ್ನಿಬ್ಬರು ರಜಾದಲ್ಲಿ. ಗಡಿಯಾರಮ್ಮ ಅವನನ್ನು ಕೇಳುವುದು ಕೇಳಿಸಿತು, ನಾಳೆಗೆ ಇಟ್ಟುಕೊಳ್ಳೋಣವೇ ಎಂದು. ಕುರ್ಚಿ ಸರಿದ ಸದ್ದು. ಆಮೇಲೆ ಅವನು "ಅವರೇ ಬರ್ಲಿ ಬಿಡಿ" ಎಂದ.

ಹೋದೆ. ಎಂಟು ತಿಂಗಳಾದ ಮೇಲೆ ಹತ್ತಿರದಿಂದ ನೋಡಿದೆ. ಕಿವಿ ಹತ್ತಿರ ಕೂದಲು ಬೆಳ್ಳಗಾಗಿದೆ. ಬೆರಳುಗಳು ಬಿಡಿಸಿಕೊಂಡಿವೆ, ಹೆಬ್ಬೆರಳ ಪಕ್ಕದ ಕುಳಿ ಹಾಗೇ ಇದೆ, ಒಂದು ಗೋಲಿ ಕೂರುವಷ್ಟು. ಹೆಬ್ಬೆರಳು ತೋರುಬೆರಳಿನಿಂದ ಚಿವುಟಿ ಹಿಡಿಯುವ ಬಲ ಅಳೆಯುವ ಸಣ್ಣ ಯಂತ್ರ ಕೊಟ್ಟೆ. ಎಡಗೈ, ಎಂಟು ಕಿಲೋ. ಬಲಗೈ, ಎರಡು. ಅವನು ಮತ್ತೊಮ್ಮೆ ಒತ್ತಿದ, ಮುಖ ಕೆಂಪಾಗುವವರೆಗೆ. ಎರಡು. ಗಡಿಯಾರಮ್ಮ ಬರೆದುಕೊಂಡಳು.

ಅವನು ಅವಳನ್ನು ಕೇಳಲಿಲ್ಲ. ನನ್ನನ್ನು ಕೇಳಿದ.

"ಗಾಜು ಕೊಯ್ಯೋಕೆ ಸಾಕಾ ಇದು?"

"ಸಾಲಲ್ಲ."

"ಇನ್ನಾರು ತಿಂಗಳು ದಿನಾ ಬಂದ್ರೆ?"

"ಸಾಲಲ್ಲ."

"ಯಾವತ್ತಾದ್ರೂ?"

ನೋಡೋಣ, ಪ್ರಯತ್ನ ಬಿಡಬಾರದು, ಯಾರಿಗೆ ಗೊತ್ತು, ಎಲ್ಲ ಮಾತೂ ಒಟ್ಟಿಗೆ ಗಂಟಲಿಗೆ ಬಂದವು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ಎದೆ ಹೊಡೆದುಕೊಳ್ಳುವುದು ನನಗೇ ಕೇಳುತ್ತಿತ್ತು.

"ಇಲ್ಲ ಕಣೋ" ಎಂದೆ. "ಈ ಕೈಯಿಂದ ಇನ್ಯಾವತ್ತೂ ಗಾಜು ಕೊಯ್ಯೋಕಾಗಲ್ಲ."

ತಲೆಯಾಡಿಸಿದ. ಕೈಯನ್ನು ಟೇಬಲ್ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಂಗಡಿಯವರಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದನೋ ಏನೋ. ಆಮೇಲೆ ಮೆತ್ತಗೆ ಹೇಳಿದ.

"ಒಂದು ನಿಮಿಷಾನೂ ಹಿಡೀಲಿಲ್ಲ ನೋಡು, ಹೇಳೋಕೆ."

ಸಿಟ್ಟಿರಲಿಲ್ಲ ಅದರಲ್ಲಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಗಡಿಯಾರಮ್ಮನ ಕಡೆ ತಿರುಗಿ, "ಮುಂದಿನ್ದು ಮಾಡ್ಸಿ ಮೇಡಂ" ಎಂದ.

ನಾನು ಈಚೆ ಬಂದೆ. ಮೇಷ್ಟ್ರು ಇವತ್ತು ಬೇಗನೇ ಬಂದು ಪ್ಯಾಂಟು ಮಡಚಿ ಮಂಡಿ ತೋರಿಸಿಕೊಂಡು ಕೂತಿದ್ದರು. ಗಡಿಯಾರಮ್ಮ ಪರದೆಯ ಸಂದಿನಿಂದ ಕಾಗದ ಚಾಚಿದಳು, ನಾನು ಮರೆತೇ ಬಂದಿದ್ದೆ. ಎಡ ಎಂಟು, ಬಲ ಎರಡು. ಓದಿ ನೋಡಿ ಸಹಿ ಹಾಕಿದೆ.